ತಪ್ಪಿದ್ದು ಮತ್ತು ತಪ್ಪಿಸಿಕೊಂಡದ್ದು: ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿಯುವುದರ ಬಗ್ಗೆ ಟಿಪ್ಪಣಿ

ಇಂಗ್ಲಿಷ್ ಪ್ರಬಂಧ ತಿದ್ದಿಸಿಕೊಂಡು ಬಂದಾಗ ನಾವು ಮೊದಲು ಎಣಿಸುವುದು ಕೆಂಪು ಗೆರೆಗಳನ್ನು. ಗೆರೆ ಕಡಿಮೆಯಿದ್ದರೆ ಇಂಗ್ಲಿಷ್ ಸುಧಾರಿಸಿದೆ ಎಂದು ನೆಮ್ಮದಿಪಡುತ್ತೇವೆ. ದ್ವಿತೀಯ ಭಾಷಾ ಕಲಿಕೆಯ ಪಾಠಗಳನ್ನು ಓದುತ್ತಾ ಹೋದಂತೆ, ಈ ಲೆಕ್ಕ ಹಾಕುವ ಕ್ರಮವೇ ಸರಿಯಿಲ್ಲ ಎಂದು ನನಗೆ ಅನ್ನಿಸತೊಡಗಿತು. ಇದೇ ವಿಷಯ ಓದುತ್ತಿರುವವರಿಗೆ ನೆರವಾಗಲೆಂದು ಬರೆದಿಡುತ್ತಿದ್ದೇನೆ.

ಮೊದಲು ತಪ್ಪಿನ ವಿಚಾರ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರ ಲೇಖನದಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರೆ ಮಾಡಿದರು. ಆಯಾಸದಲ್ಲೋ ಅವಸರದಲ್ಲೋ ನಾಲಿಗೆ ತೊದಲುವುದು ಒಂದು ಬಗೆ. ಬೆರಳು ಮಾಡಿ ತೋರಿಸಿದರೆ ನಾವೇ ತಿದ್ದಿಕೊಳ್ಳುತ್ತೇವೆ. ಇನ್ನೊಂದು ಬಗೆಯದು ನಮ್ಮ ತಲೆಯೊಳಗಿನ ನಿಯಮದಿಂದಲೇ ಹುಟ್ಟುತ್ತದೆ, ಹಾಗಾಗಿ ತೋರಿಸಿದರೂ ಅದು ತಪ್ಪೆಂದು ಕಾಣುವುದಿಲ್ಲ. ‘ಟಾಟ್’ ಎನ್ನಬೇಕಾದಲ್ಲಿ ‘ಟೀಚ್ಡ್’ ಎನ್ನುವವನಿಗೆ ಆ ಪದವನ್ನು ಯಾರೂ ಹೇಳಿಕೊಟ್ಟಿಲ್ಲ. ‘ವಾಕ್ಡ್’, ‘ವಾಷ್ಡ್’ ನೋಡಿ ಅವನೇ ಒಂದು ನಿಯಮ ಕಟ್ಟಿಕೊಂಡಿದ್ದಾನೆ. ಲ್ಯಾರಿ ಸೆಲಿಂಕರ್ 1972ರಲ್ಲಿ ಇಂಟರ್‌ಲಾಂಗ್ವೇಜ್ ಎಂದು ಕರೆದದ್ದು ಇಂಥ ನಿಯಮಗಳ ವ್ಯವಸ್ಥೆಯನ್ನು: ತಾಯ್ನುಡಿಯೂ ಅಲ್ಲದ, ಪೂರ್ತಿ ಇಂಗ್ಲಿಷೂ ಅಲ್ಲದ, ಆದರೆ ತನ್ನದೇ ವ್ಯಾಕರಣವಿರುವ ನಡುವಿನ ಭಾಷೆ. ಅದು ಎಲ್ಲೋ ಒಂದು ಕಡೆ ಬೆಳವಣಿಗೆ ನಿಲ್ಲಿಸಿ ಗಟ್ಟಿಯಾಗಿಬಿಡುವುದೂ ಉಂಟು. ಪಳೆಯುಳಿಕೆಯ ಹೋಲಿಕೆಯನ್ನು ಪಠ್ಯಗಳು ಬಳಸುವುದು ಅದಕ್ಕೇ.

ಎಲ್ಲವನ್ನೂ ತಾಯ್ನುಡಿಯ ತಲೆಗೆ ಕಟ್ಟುವ ಅಭ್ಯಾಸ ನಮಗಿದೆ. ರಾಬರ್ಟ್ ಲಾಡೊ 1957ರಲ್ಲಿ ಮಂಡಿಸಿದ ವಾದದ ಸಾರವೂ ಹೆಚ್ಚುಕಡಿಮೆ ಅದೇ: ಎರಡು ಭಾಷೆಗಳು ಹೋಲುವಲ್ಲಿ ಕಲಿಕೆ ಸುಲಭ, ಬೇರೆಯಾಗುವಲ್ಲಿ ಕಷ್ಟ. ಕೆಲವೆಡೆ ಇದು ಒಪ್ಪುವಂತೆ ಕಾಣುತ್ತದೆ. ಕನ್ನಡದಲ್ಲಿ ‘ಅವನು ಎಲ್ಲಿದ್ದಾನೆ’ ಎಂಬ ಪ್ರಶ್ನೆ ‘ಅವನು ಎಲ್ಲಿದ್ದಾನೆ ಎಂದು ಗೊತ್ತಿಲ್ಲ’ ಎಂಬಲ್ಲಿ ಒಂದಕ್ಷರವೂ ಬದಲಾಗದೆ ಕೂರುತ್ತದೆ. ಅದೇ ಧೈರ್ಯದಲ್ಲಿ, ‘ವೇರ್ ಹಿ ಈಸ್’ ಎನ್ನಬೇಕಾದಲ್ಲಿ, ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂದುಬಿಡುತ್ತೇವೆ.

ಆದರೆ ‘ಶಿ ಗೋಸ್’ ಎಂಬಲ್ಲಿನ ‘ಸ್’ ಏಕೆ ಜಾರಿಹೋಗುತ್ತದೆ? ಕ್ರಿಯಾಪದವು ಕರ್ತೃವಿಗೆ ತಕ್ಕಂತೆ ಬದಲಾಗುವುದು ನಮಗೇನೂ ಹೊಸದಲ್ಲ. ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತದೆ ಎಂದು ದಿನವಿಡೀ ಬದಲಾಯಿಸುತ್ತೇವೆ. ಲಾಡೊ ಲೆಕ್ಕದಲ್ಲಿ ನಮಗದು ಸಲೀಸಾಗಬೇಕಿತ್ತು. ಡುಲೇ ಮತ್ತು ಬರ್ಟ್ 1974ರಲ್ಲಿ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳ ಇಂಗ್ಲಿಷನ್ನು ಹೋಲಿಸಿದಾಗ, ಇಂಥ ಸಣ್ಣ ವ್ಯಾಕರಣ ತುಣುಕುಗಳು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬಂದಿದ್ದವು. ‘ಗೋಯಿಂಗ್’ ಎಂಬಲ್ಲಿನ ‘ಇಂಗ್’ ಬೇಗ, ಈ ‘ಸ್’ ತಡ. ನನಗೆ ತೋಚುವ ಕಾರಣ ಹೀಗಿದೆ: ‘ಹೋಗುತ್ತಾಳೆ’ ಎಂಬುದರ ಮುಂದಿನ ‘ಅವಳು’ ತೆಗೆದರೂ ಅರ್ಥ ಕೆಡುವುದಿಲ್ಲ, ಪ್ರತ್ಯಯವೇ ಎಲ್ಲವನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಶಿ’ ಎಂದಾಗಲೇ ಹೇಳಬೇಕಾದ್ದು ಮುಗಿದಿರುತ್ತದೆ. ಆಮೇಲೆ ಬರುವ ‘ಸ್’ ಹೊಸ ಸುದ್ದಿಯನ್ನೇನೂ ತರುವುದಿಲ್ಲ, ಆದ್ದರಿಂದ ಕಿವಿ ಅದನ್ನು ಹಿಡಿಯುವುದೂ ಇಲ್ಲ. (ಒಂದು ಎಚ್ಚರಿಕೆ: ಇಂಗ್ಲಿಷ್ ವ್ಯಾಕರಣ ಮೂರನೆಯದೆಂದು ಎಣಿಸುವ ಪುರುಷ ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ. ಉತ್ತರಪತ್ರಿಕೆಯಲ್ಲಿ ಇವೆರಡನ್ನು ಕಲಸಿ ಅಂಕ ಕಳೆದುಕೊಂಡವರ ಪೈಕಿ ನಾನೂ ಒಬ್ಬ.)

ಇನ್ನು ತಪ್ಪಿಸಿಕೊಂಡದ್ದರ ವಿಚಾರ. ಜಾಕ್ಲಿನ್ ಶಾಕ್ಟರ್ 1974ರ ಅಧ್ಯಯನದಲ್ಲಿ ಬೇರೆ ಬೇರೆ ತಾಯ್ನುಡಿಯ ಕಲಿಕಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಹಿಡಿದು, ನಾಮಪದವನ್ನು ವಿವರಿಸಲು ‘ಹೂ’, ‘ವಿಚ್’, ‘ದಟ್’ ಬಳಸಿ ಕಟ್ಟಿದ ಉಪವಾಕ್ಯಗಳನ್ನು ಎಣಿಸಿದರು. ಪರ್ಷಿಯನ್ನರದು 174, ಅವುಗಳಲ್ಲಿ 43 ತಪ್ಪು. ಜಪಾನೀಯರದು 63, ತಪ್ಪು ಬರೀ 5. ಕೆಂಪು ಗೆರೆ ಮಾತ್ರ ಎಣಿಸಿದರೆ ಜಪಾನೀಯರೇ ಜಾಣರು. ಆದರೆ ಅವರು ಬರೆದದ್ದೇ ಕಡಿಮೆ; ಖಚಿತವಾಗಿ ಗೊತ್ತಿದ್ದಲ್ಲಿ ಮಾತ್ರ ಕೈ ಹಾಕಿದ್ದರು.

ಇದು ನಮಗೆ ನೇರವಾಗಿ ತಟ್ಟುವ ಮಾತು. ಪರ್ಷಿಯನ್ ಭಾಷೆಯಲ್ಲಿ ಇಂಗ್ಲಿಷಿನಂತೆಯೇ ಈ ಉಪವಾಕ್ಯ ನಾಮಪದದ ನಂತರ ಬರುತ್ತದೆ. ಜಪಾನಿಯಲ್ಲಿ, ಕನ್ನಡದಲ್ಲಿ ಅದು ಮೊದಲೇ ಬರುತ್ತದೆ: ‘ನಾನು ನಿನ್ನೆ ಓದಿದ ಪುಸ್ತಕ’. ‘ಓದಿದ’ ಎಂಬ ಒಂದು ಕೃದಂತ ಸಾಕು, ಜೋಡಿಸುವ ಪದವೇ ಬೇಡ. ‘ದ ಬುಕ್ ದಟ್ ಐ ರೆಡ್ ಯೆಸ್ಟರ್‌ಡೇ’ ಎನ್ನಲು ಇಡೀ ವಾಕ್ಯವನ್ನು ಮಗುಚಿ ಹಾಕಬೇಕು.

ನನ್ನದೇ ನಾಲ್ಕು ಪುಟದ ಪ್ರಬಂಧವೊಂದನ್ನು ತೆಗೆದು ಎಣಿಸಿದೆ. ಇಂಥ ಉಪವಾಕ್ಯಗಳಿದ್ದದ್ದು ಮೂರು, ಅದರಲ್ಲಿ ಎರಡು ಪ್ರಶ್ನೆಯಿಂದಲೇ ಎತ್ತಿಕೊಂಡವು. ಉಳಿದೆಡೆಯೆಲ್ಲ ಕತ್ತರಿಸಿದ ಜೋಡಿಗಳು: ‘ಐ ರೆಡ್ ಎ ಬುಕ್. ದ ಬುಕ್ ವಾಸ್ ಲಾಂಗ್.’ ಒಂದಕ್ಕೂ ಕೆಂಪು ಗೆರೆ ಬಿದ್ದಿರಲಿಲ್ಲ. ಇಲ್ಲೊಂದು ಆಕ್ಷೇಪವನ್ನೂ ನೆನಪಿಡಿ: ಕಡಿಮೆ ಬಳಸಿದ ಮಾತ್ರಕ್ಕೆ ತಪ್ಪಿಸಿಕೊಂಡರು ಎನ್ನಲಾಗದು. ತಪ್ಪಿಸಿಕೊಳ್ಳಬೇಕಾದರೆ ಆ ರಚನೆ ಅಷ್ಟಿಷ್ಟಾದರೂ ಗೊತ್ತಿರಬೇಕು.

ಹೆಚ್ಚು ಕೇಳಿದರೆ, ಓದಿದರೆ ತಾನಾಗಿ ಬರುವುದಿಲ್ಲವೇ? ಅರ್ಥವಾಗುವ ಭಾಷೆ ಕಿವಿಗೆ ಬೀಳುವುದೇ ಮುಖ್ಯ ಎಂಬುದು ಸ್ಟೀಫನ್ ಕ್ರ್ಯಾಶನ್ ವಾದ. ಬುಡಕ್ಕೆ ಅದು ಸರಿ, ಸಾಲದು ಎಂಬುದೇ ತಕರಾರು. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಕಲಿತ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು, ಮಾತು ಬರಹಗಳ ವ್ಯಾಕರಣದಲ್ಲಿ ಮಾತ್ರ ಹಿಂದಿದ್ದರು. ಅದನ್ನು ನೋಡಿ ಮೆರಿಲ್ ಸ್ವೇನ್ 1985ರಲ್ಲಿ ಹೇಳಿದ್ದು: ಕೇಳುವಾಗ ಪದಗಳ ಸುಳಿವು ಹಿಡಿದು ಅರ್ಥಕ್ಕೆ ದಾಟಬಹುದು, ಹೇಳುವಾಗ ವಾಕ್ಯ ಕಟ್ಟಲೇಬೇಕು. ರಿಚರ್ಡ್ ಶ್ಮಿಟ್ 1983ರಲ್ಲಿ ವಿವರಿಸಿದ ವೆಸ್ ಎಂಬ ಜಪಾನೀ ಕಲಾವಿದನೂ ನೆನಪಾಗುತ್ತಾನೆ. ಹವಾಯಿಯಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸುತ್ತಾ ಮಾತಿನಲ್ಲಿ ಪಳಗಿದ, ವ್ಯಾಕರಣ ಹೆಚ್ಚೇನೂ ಕದಲಲಿಲ್ಲ. ಅವನ ಕೆಲಸ ನಡೆಯುತ್ತಿತ್ತಲ್ಲ! ಅವನನ್ನು ಸೋತ ಕಲಿಕಾರ್ಥಿ ಎನ್ನಲು ನನಗೆ ಮನಸ್ಸಿಲ್ಲ.

ಈ ವಾರ ಆ ಪ್ರಬಂಧದ ಕತ್ತರಿಸಿದ ಜೋಡಿಗಳಲ್ಲಿ ಹನ್ನೊಂದನ್ನು ಒಂದೊಂದೇ ವಾಕ್ಯವಾಗಿ ಹೊಲಿದು ತಿದ್ದಿಸಿಕೊಂಡೆ. ನಾಲ್ಕಕ್ಕೆ ಕೆಂಪು ಗೆರೆ, ನಾಲ್ಕೂ ಒಂದೇ ಜಾತಿಯವು: ‘ದ ಬುಕ್ ದಟ್ ಐ ರೆಡ್ ಇಟ್ ಯೆಸ್ಟರ್‌ಡೇ’. ಇಂಗ್ಲಿಷಿನಲ್ಲಿ ಆ ‘ಇಟ್’ಗೆ ಜಾಗವಿಲ್ಲ. ‘ನಾನು ಓದಿದ ಪುಸ್ತಕ’ ಎಂಬಲ್ಲೂ ‘ಅದನ್ನು’ ಎಂಬುದಿಲ್ಲ. ಎರಡೂ ಭಾಷೆಗಳು ಕೊಡದ ಆ ಪದವನ್ನು ನಾಲ್ಕು ಸಲ ಸೇರಿಸಿದ್ದು ನನ್ನ ನಡುವಿನ ಭಾಷೆಯೇ ಇರಬೇಕು.