ಗುಡ್ಡದ ಮನೆಗೆ ಅಂಗಳ ಮಾಡುವ ಮೊದಲು

ಮಡಿಕೇರಿ, ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇ ಫೋಟೋಗಳನ್ನು ನೋಡಿ. ಮುಂದೆ ಹಸಿರು ಲಾನ್, ಅದರಾಚೆ ಮಂಜು ತುಂಬಿದ ಕಣಿವೆ. ಫೋಟೋದಲ್ಲಿ ಕಾಣದಿರುವುದು ಮನೆಯ ಹಿಂಭಾಗ. ಅಲ್ಲಿ ಹಿಟಾಚಿಯಲ್ಲಿ ಕಡಿದ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ನೆಟ್ಟಗೆ ನಿಂತಿರುತ್ತದೆ. ಇಳಿಜಾರಿನಲ್ಲಿ ಸಮತಟ್ಟು ಜಾಗ ಬೇಕೆಂದರೆ ಹಿಂದೆ ಕಡಿಯಬೇಕು, ಮುಂದೆ ತುಂಬಬೇಕು. ಲಾನ್ ಅಗಲವಾದಷ್ಟೂ ಧರೆ ಎತ್ತರವಾಗುತ್ತದೆ.

ಬೇಸಿಗೆಯಲ್ಲಿ ಆ ಧರೆ ನೋಡಿದರೆ ಭಯವೇ ಆಗುವುದಿಲ್ಲ. ಮಣ್ಣಿನ ಕಣಗಳ ನಡುವೆ ಆಗ ಇರುವುದು ಸ್ವಲ್ಪವೇ ನೀರು. ಅದರ ಎಳೆತ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಜುಲೈ ಬಂತೆಂದರೆ ಎಲ್ಲ ತಲೆಕೆಳಗು. ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ಎಳೆತ ಇಲ್ಲವಾಗುತ್ತದೆ, ನೀರೇ ಕಣಗಳನ್ನು ದೂರ ತಳ್ಳತೊಡಗುತ್ತದೆ. ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. 1 ಗುಂಟೆ ಜಾಗದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 10,000 ಲೀಟರ್ ನೀರು. ಘಟ್ಟದಲ್ಲಿ ಒಂದೇ ದಿನ ಅಷ್ಟು ಸುರಿಯುವುದು ಹೊಸದೇನಲ್ಲ. 10 ಗುಂಟೆಗೆ ಲೆಕ್ಕ ಹಾಕಿ, ಲಕ್ಷ ಲೀಟರ್! ಅದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದೇ ಗುಡ್ಡದ ತೋಟಗಾರಿಕೆಯ ಮುಕ್ಕಾಲು ಕೆಲಸ. ಯಾವ ಹೂವಿನ ಗಿಡ ಅನ್ನುವುದು ಆಮೇಲಿನ ಮಾತು.

ಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕರಾವಳಿಯಲ್ಲಿ ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ನುಣುಪಾದ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿ, ನೆನೆದರೆ ಬಲ ಕಳೆದುಕೊಳ್ಳುತ್ತದೆ. ಮುರಕಲ್ಲನ್ನು ಕಡಿದು ತೆಗೆದಿರೋ, ಶೇಡಿಯನ್ನು ಮಳೆಗೆ ಒಡ್ಡಿದಂತೆಯೇ. ಬಂಡೆ ಜಾಸ್ತಿ ಇರುವ ಗುಡ್ಡದಲ್ಲಿ ತೊಂದರೆ ಬೇರೆ. ಇಂಗಿದ ನೀರು ಬಂಡೆಯೊಳಗೆ ಹೋಗಲಾರದೆ ಬಂಡೆ ಮತ್ತು ಮಣ್ಣು ಸೇರುವ ಜಾಗದಲ್ಲೇ ಹರಿಯುತ್ತದೆ. ಒದ್ದೆ ಬಂಡೆಯ ಮೇಲೆ ಹಾಸಿದ ಕಂಬಳಿಯಂತೆ ಮೇಲಿನ ಮಣ್ಣು ಜಾರಬಹುದು. ಅದರ ಬುಡವನ್ನು ಅಂಗಳಕ್ಕಾಗಿ ಕಡಿದಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದಾಗ ಮಳೆ ವಿಪರೀತವಾಗಿತ್ತು, ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇಳಿಜಾರುಗಳನ್ನು ಮನುಷ್ಯರು ಕಡಿದದ್ದನ್ನೂ ಕಾರಣಗಳಲ್ಲಿ ಸೇರಿಸಿತು.

ಧರೆಗೆ ಕಾಂಕ್ರೀಟ್ ತಡೆಗೋಡೆ ಕಟ್ಟಿದರೆ ಸಾಕು ಅಂತ ಹಲವರು ನಂಬಿದ್ದಾರೆ. 3 ಮೀಟರ್ ಎತ್ತರದ ಗೋಡೆ ಅಂದುಕೊಳ್ಳಿ. ಹಿಂದಿನ ಮಣ್ಣು ಒಣಗಿದ್ದಾಗ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ತಳ್ಳು ಅಂದಾಜು 2.5ರಿಂದ 3 ಟನ್. ಹಿಂದೆ ನೀರು ತುಂಬಿ ನಿಂತರೆ ನೀರಿನದೊಂದೇ 4.5 ಟನ್, ಮಣ್ಣಿನದು ಬೇರೆ. ಎತ್ತರವನ್ನು ದುಪ್ಪಟ್ಟು ಮಾಡಿದರೆ ತಳ್ಳು ನಾಲ್ಕು ಪಟ್ಟು. ಅದಕ್ಕೇ ಒಂದು ದೊಡ್ಡ ಗೋಡೆಗಿಂತ ನಡುವೆ ಜಾಗ ಬಿಟ್ಟು ಕಟ್ಟಿದ ಮೂರು ಗಿಡ್ಡ ಗೋಡೆ ಮೇಲು. ಗೋಡೆಯ ಹಿಂದೆ ಜಲ್ಲಿ ತುಂಬಬೇಕು, ಜಲ್ಲಿಯೊಳಗೆ ಮಣ್ಣು ಸೇರದಂತೆ ನೀರು ಸೋಸುವ ಬಟ್ಟೆ ಹಾಕಬೇಕು, ನೀರು ಹೊರಬರಲು ಗೋಡೆಯಲ್ಲಿ ಪೈಪಿನ ತೂತು ಬಿಡಬೇಕು. ಚೆಂದ ಕಾಣಲಿ ಅಂತ ಆ ತೂತುಗಳನ್ನು ಸಿಮೆಂಟಿನಿಂದ ಮುಚ್ಚುವವರೂ ಇದ್ದಾರೆ. ಅವರಿಗೆ ಏನು ಹೇಳುವುದು!

ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವ ಹಳೆಯ ಗೋಡೆಗೆ ಈ ತಾಪತ್ರಯವಿಲ್ಲ. ಅದರ ಪ್ರತಿ ಸಂದೂ ನೀರಿನ ದಾರಿ. ಮಣ್ಣು ಸ್ವಲ್ಪ ಅಲುಗಿದರೆ ಅದೂ ಸ್ವಲ್ಪ ಅಲುಗಿ ಕೂರುತ್ತದೆ. ಗುಡ್ಡದ ಕಡೆಗೆ ತುಸು ವಾಲಿಸಿ ಕಟ್ಟುವುದು, ಉದ್ದ ಕಲ್ಲುಗಳನ್ನು ಒಳಗಿನವರೆಗೆ ಸೇರಿಸುವುದು ಇದರ ಗುಟ್ಟು. ಈ ಕಲೆ ಯುರೋಪಿನಲ್ಲೂ ಇದೆ. ಇಟಲಿ, ಗ್ರೀಸ್, ಸ್ಪೇನ್ ಸೇರಿ ಎಂಟು ದೇಶಗಳ ಇಂಥ ಕಟ್ಟುವಿಕೆಯನ್ನು 2018ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇಂಥ ಗೋಡೆ ಕಟ್ಟಬಲ್ಲ ಕೆಲಸಗಾರರು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬುವ ಗೇಬಿಯನ್ ಇದೆ. ಅದೂ ನೀರನ್ನು ಬಿಟ್ಟುಕೊಡುತ್ತದೆ.

ಒಂದು ಮಾತು ಕೆಲವರಿಗೆ ಕಹಿಯಾಗಬಹುದು. ಬಯಲುಸೀಮೆಯಲ್ಲಿ ಇಂಗುಗುಂಡಿ ಒಳ್ಳೆಯದು. ಕಡಿದಾದ ಇಳಿಜಾರಿನಲ್ಲಿ, ಮನೆಯ ಮೇಲ್ಭಾಗದಲ್ಲಿ ಅದನ್ನು ತೋಡುವುದೆಂದರೆ ಜಾರುವ ಜಾಗಕ್ಕೆ ನೀರು ಕುಡಿಸಿದಂತೆ. ಅಲ್ಲಿ ಬೇಕಾಗಿರುವುದು ಬಸಿಗಾಲುವೆ. ಧರೆಯ ನೆತ್ತಿಗಿಂತ ಮೇಲೆ ಅಡ್ಡಕ್ಕೆ ಕಾಲುವೆ ತೆಗೆದು, ಒಳಗೆ ಕಲ್ಲು ಹಾಸಿ, ನೀರನ್ನು ಪಕ್ಕದ ಹಳ್ಳಕ್ಕೆ ಮುಟ್ಟಿಸಬೇಕು. ಅಂಚಿನಲ್ಲಿ ಈಜುಕೊಳ ಕಟ್ಟುವ ಹೊಸ ಹುಚ್ಚೂ ನನಗೆ ಸರಿ ಕಾಣುವುದಿಲ್ಲ. ಪ್ರತಿ ಘನ ಮೀಟರ್ ನೀರಿಗೆ 1 ಟನ್ ಭಾರ. ಸಾಲದ್ದಕ್ಕೆ ಸೋರಿಕೆ.

ಇನ್ನು ಗಿಡಗಳು. ಲಾನ್ ಹುಲ್ಲಿನ ಬೇರು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಲಾವಂಚದ ಬೇರು ಅನುಕೂಲ ಇದ್ದಲ್ಲಿ 3 ಮೀಟರ್‌ವರೆಗೂ ನೆಟ್ಟಗೆ ಇಳಿಯುತ್ತದೆ. ಹರಿಯುವ ನೀರಿಗೆ ಅಡ್ಡಲಾಗಿ ಒತ್ತೊತ್ತಾಗಿ ಸಾಲು ನೆಟ್ಟರೆ ಮಣ್ಣು ಅಲ್ಲೇ ನಿಂತು, ನೀರು ಮಾತ್ರ ಸೋಸಿ ಮುಂದೆ ಹೋಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಈ ಪದ್ಧತಿಯನ್ನು ಹಬ್ಬಿಸಲು ಹೊರಟಾಗ, ನಮ್ಮ ಗುಂಡ್ಲುಪೇಟೆ ಕಡೆಯ ರೈತರು ಬಹಳ ಕಾಲದಿಂದಲೇ ಲಾವಂಚವನ್ನು ಹೊಲದ ಬದುಗಳಲ್ಲಿ ಬೆಳೆಸುತ್ತಿದ್ದರು. ಅದಕ್ಕೆ ಬಿಸಿಲು ಬೇಕು, ದಟ್ಟ ನೆರಳಲ್ಲಿ ಸೊರಗುತ್ತದೆ. 3 ಮೀಟರಿಗಿಂತ ಆಳದಲ್ಲಿ ಜಾರುವ ಗುಡ್ಡವನ್ನು ಯಾವ ಹುಲ್ಲೂ ಹಿಡಿಯಲಾರದು.

ನೋಟಕ್ಕೆ ಅಡ್ಡ ಅಂತ ಮರ ಕಡಿಯುವ ಮೊದಲು ಇದೂ ಗೊತ್ತಿರಲಿ. ಕಡಿದ ಮರದ ಬೇರು ಆ ವರ್ಷವೇ ಕೈಬಿಡುವುದಿಲ್ಲ, ನಿಧಾನಕ್ಕೆ ಕೊಳೆಯುತ್ತದೆ. ಮೊದಲ ಮಳೆಗಾಲ ಏನೂ ಆಗಲಿಲ್ಲ ಅಂತ ಮರೆತ ಮೇಲೆ, ಕೆಲವು ವರ್ಷ ಬಿಟ್ಟು ಇಳಿಜಾರು ಸಡಿಲವಾಗುತ್ತದೆ.

ಮೇ ತಿಂಗಳಲ್ಲಿ ಒಂದು ಸುತ್ತು ಹಾಕಿ. ಕಾಲುವೆಯ ತರಗೆಲೆ ಬಾಚಿ, ಗೋಡೆಯ ಪೈಪುಗಳಿಗೆ ಕೋಲು ತೂರಿಸಿ ಕಟ್ಟಿಕೊಂಡಿದ್ದನ್ನು ಬಿಡಿಸಿ. ಧರೆಯ ನೆತ್ತಿಯಲ್ಲಿ ಹೊಸ ಬಿರುಕು, ಉಬ್ಬಿದ ಗೋಡೆ, ವಾಲಿದ ಮರ ಕಂಡರೆ ಎಂಜಿನಿಯರನ್ನು ಕರೆಸಿ. ಮಳೆ ನಡುವೆ ಧರೆಯ ಬುಡದಿಂದ ಇದ್ದಕ್ಕಿದ್ದಂತೆ ಕೆಸರು ನೀರು ಬರತೊಡಗಿದರೆ ಯಾರನ್ನೂ ಕಾಯಬೇಡಿ, ಮನೆ ಬಿಟ್ಟು ಹೊರಡಿ.