ಎಂಟು ಬೈಟಿನ ಗಡಿ

"ದುಡ್ಡು ಕಟ್ಟಿದ ಮೇಲೆ ಸ್ಯಾಟಲೈಟ್‌ನಿಂದ ಸಿಗ್ನಲ್ ಬಿಡ್ತಾರೆ" ಎನ್ನುವುದು ಡಿಶ್ ಇರುವ ಮನೆಗಳಲ್ಲಿ ಸದಾ ಕೇಳಿಬರುವ ಮಾತು. ರೀಚಾರ್ಜ್ ಮುಗಿದ ದಿನ "ಸಿಗ್ನಲ್ ಕಟ್ ಮಾಡಿದ್ರು" ಎಂಬ ದೂರು. ಅಲ್ಲಿ ಬಿಡುವವರೂ ಇಲ್ಲ, ಕಟ್ ಮಾಡುವವರೂ ಇಲ್ಲ. ಚಂದಾ ಕಟ್ಟಿದವರ ತಾರಸಿಗೂ ಕಟ್ಟದವರ ತಾರಸಿಗೂ, ಡಿಶ್ಶೇ ಇಲ್ಲದ ದನದ ಕೊಟ್ಟಿಗೆಯ ಹೆಂಚಿಗೂ ಅದೇ ಅಲೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ. 35,786 ಕಿ.ಮೀ. ಎತ್ತರದ ಉಪಗ್ರಹಕ್ಕೆ ಗಿರಾಕಿ ಯಾರೆಂಬುದು ತಿಳಿಯದು, ದೇಶದ ಗಡಿ ಎಲ್ಲಿ ಮುಗಿಯಿತೆಂಬುದೂ ತಿಳಿಯದು.

ಹಾಗಾದರೆ ಚಂದಾ ವಸೂಲು ಮಾಡುವ ಕ್ರೀಡಾ ವಾಹಿನಿ ದೇಶದಿಂದ ದೇಶಕ್ಕೆ ಬೆಳೆಯುವುದೆಂದರೇನು? ಅಲೆ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಬೆಳೆಯುವುದು ಬೀಗ, ಅಂದರೆ ಚಂದಾ ಕಟ್ಟದವರಿಗೆ ಚಿತ್ರ ಕಾಣದಂತೆ ಅಲೆಯನ್ನು ಕಲಸಿಡುವ ಏರ್ಪಾಡು. ಕತಾರಿನ ಬೀಇನ್ ಸ್ಪೋರ್ಟ್ಸ್ ಏರಿದ್ದು, ಪೆಟ್ಟು ತಿಂದದ್ದು ಎರಡೂ ಈ ಬೀಗದ ಕತೆಯೇ. ಪಂದ್ಯಗಳ ಪ್ರಸಾರ ಹಕ್ಕು ಖರೀದಿಯ ಕೋಟಿಗಳ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಬೀಗದ ಬಗ್ಗೆ ಬರೆದವರು ಕಡಿಮೆ.

ಇತಿಹಾಸ ಚುಟುಕಾಗಿ. 2003ರ ನವೆಂಬರ್ 1ರಂದು ದೋಹಾದಲ್ಲಿ 'ಅಲ್ ಜಜೀರಾ ಸ್ಪೋರ್ಟ್' ಶುರುವಾಯಿತು. 2009ರ ನವೆಂಬರ್‌ನಲ್ಲಿ ಅದು ಎಆರ್‌ಟಿ ಎಂಬ ಹಳೆಯ ಅರಬ್ ಪೇ ಟಿವಿ ಜಾಲದ ಕ್ರೀಡಾ ವಾಹಿನಿಗಳನ್ನೂ ಹಕ್ಕುಗಳನ್ನೂ ಕೊಂಡಿತು. ಆ ಗಂಟಿನಲ್ಲಿ 2010 ಮತ್ತು 2014ರ ಫುಟ್ಬಾಲ್ ವಿಶ್ವಕಪ್ ಇದ್ದವು. 2012ರ ಜೂನ್‌ನಲ್ಲಿ ಫ್ರಾನ್ಸಿಗೆ ಕಾಲಿಟ್ಟಾಗ ಹೊಸ ಹೆಸರು ಬೀಇನ್, ತಿಂಗಳಿಗೆ 11 ಯೂರೊ. ಅದೇ ಆಗಸ್ಟ್‌ನಲ್ಲಿ ಅಮೆರಿಕ. 2014ರ ಜನವರಿಯಲ್ಲಿ ಅರಬ್ ದೇಶಗಳ ವಾಹಿನಿಗಳೂ ಅದೇ ಹೆಸರಿಗೆ ಬದಲಾದವು. ಅದೇ ವರ್ಷ ಆಸ್ಟ್ರೇಲಿಯಾದ ಸೆಟಾಂಟಾ ಕ್ರೀಡಾ ವಾಹಿನಿ ಕೈಸೇರಿತು, 2016ರಲ್ಲಿ ಟರ್ಕಿಯ ಡಿಶ್ ಟಿವಿ ಕಂಪನಿ ಡಿಜಿಟರ್ಕ್.

ಈ ಪಟ್ಟಿಯಲ್ಲಿ ಎರಡು ಬಗೆಯ ಬೆಳವಣಿಗೆ ಬೆರೆತಿದೆ. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ದೇಶಗಳಲ್ಲಿ ಬಾಕ್ಸ್, ಅದರೊಳಗೆ ಹಾಕುವ ಚಿಪ್ ಇರುವ ಕಾರ್ಡ್, ಕೀಲಿ ಎಲ್ಲವೂ ಬೀಇನ್‌ನದೇ. ಟರ್ಕಿಯಲ್ಲಿ ಅದು ಕೊಂಡದ್ದು ವಾಹಿನಿಯನ್ನಷ್ಟೇ ಅಲ್ಲ, ಲಕ್ಷಾಂತರ ಮನೆಗಳಲ್ಲಿ ಆಗಲೇ ಕೂತಿದ್ದ ಬಾಕ್ಸ್‌ಗಳನ್ನು. ಅಮೆರಿಕದಲ್ಲಿ ಮಾತ್ರ ಕೀಲಿ ಕೇಬಲ್ ಮತ್ತು ಡಿಶ್ ಕಂಪನಿಗಳ ಕೈಯಲ್ಲಿತ್ತು. 2018ರಲ್ಲಿ ಕಾಮ್‌ಕ್ಯಾಸ್ಟ್, ಡೈರೆಕ್‌ಟಿವಿ ಎರಡೂ ಒಪ್ಪಂದ ನವೀಕರಿಸದೆ ಬಿಟ್ಟವು. ಹಕ್ಕು ಕೈಯಲ್ಲೇ ಇದ್ದರೂ ವಾಹಿನಿ ಅಷ್ಟೂ ಮನೆಗಳಿಂದ ಮಾಯವಾಯಿತು. ಬೀಗ ಯಾರದು ಎಂಬುದು ಹಕ್ಕು ಯಾರದು ಎಂಬುದಷ್ಟೇ ದೊಡ್ಡ ಪ್ರಶ್ನೆ.

ಇನ್ನು ಬೀಗವನ್ನು ಬಿಚ್ಚಿ ನೋಡೋಣ. ಇಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತೇನೆ.

ಆಕಾಶದಿಂದ ಇಳಿಯುವ ಡಿಜಿಟಲ್ ಚಿತ್ರ 188 ಬೈಟ್‌ಗಳ ತುಣುಕುಗಳಾಗಿ ಬರುತ್ತದೆ. ಪ್ರತಿ ತುಣುಕಿನ ಮೊದಲ 4 ಬೈಟ್ ಅದರ ವಿಳಾಸ, ಅದಕ್ಕೆ ಬೀಗವಿಲ್ಲ. ಅದನ್ನೂ ಕಲಸಿದರೆ ಯಾವ ತುಣುಕು ಯಾವ ವಾಹಿನಿಯದೆಂದು ಬಾಕ್ಸಿಗೇ ತಿಳಿಯದು. ಉಳಿದ 184 ಬೈಟ್‌ಗಳನ್ನು ಕಲಸುವ ಸೂತ್ರ ಸಿಎಸ್‌ಎ, 1994ರಲ್ಲಿ ಡಿಜಿಟಲ್ ಟಿವಿಯ ಮಾನದಂಡ ರೂಪಿಸುವ ಯುರೋಪಿನ ಡಿವಿಬಿ ಒಕ್ಕೂಟ ಒಪ್ಪಿದ್ದು. ಸೂತ್ರ ಈಗ ಎಲ್ಲರಿಗೂ ಗೊತ್ತು. ಗುಟ್ಟಾಗಿರುವುದು ಕೀಲಿ ಮಾತ್ರ. ಅದಕ್ಕೆ ಕಂಟ್ರೋಲ್ ವರ್ಡ್ ಎನ್ನುತ್ತಾರೆ, ಉದ್ದ ಬರೀ 8 ಬೈಟ್, ಆಯುಷ್ಯ ಸುಮಾರು ಹತ್ತು ಸೆಕೆಂಡ್. ಆಮೇಲೆ ಹೊಸದು.

ಕೀಲಿ ಬದಲಾಗುವ ಕ್ಷಣದಲ್ಲಿ ಚಿತ್ರ ಏಕೆ ತಡವರಿಸುವುದಿಲ್ಲ? ವಿಳಾಸದ 4 ಬೈಟ್‌ಗಳೊಳಗೆ 2 ಬಿಟ್ ಇದಕ್ಕೇ ಮೀಸಲು. '10' ಎಂದಿದ್ದರೆ ಸಮ ಕೀಲಿ, '11' ಎಂದಿದ್ದರೆ ಬೆಸ ಕೀಲಿ. ಸಮ ಕೀಲಿ ಓಡುತ್ತಿರುವಾಗಲೇ ಮುಂದಿನ ಬೆಸ ಕೀಲಿ ಬಾಕ್ಸ್ ಸೇರಿರುತ್ತದೆ. ಮನೆಯಲ್ಲಿ ಟಿವಿ ತೊಂದರೆ ಕೊಟ್ಟಾಗ ಇದು ಉಪಯೋಗಕ್ಕೆ ಬರುವ ಸಂಗತಿ: ಚಿತ್ರ ಹೊತ್ತುಗೊತ್ತಿಲ್ಲದೆ ಚೌಕಚೌಕವಾಗಿ ಒಡೆದರೆ ಡಿಶ್, ಕೇಬಲ್, ಮಳೆ ಇವನ್ನು ನೋಡಿ. ಹತ್ತು ಸೆಕೆಂಡಿನ ಲೆಕ್ಕದಲ್ಲಿ ತಾಳ ಹಾಕಿದಂತೆ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಡಿಶ್ ಮುಟ್ಟಬೇಡಿ. ಕಾರ್ಡ್ ಹೊರತೆಗೆದು, ಚಿನ್ನದ ಬಣ್ಣದ ಬಿಲ್ಲೆಯನ್ನು ಒಣಬಟ್ಟೆಯಲ್ಲಿ ಒರೆಸಿ ಹಾಕಿ.

ಕಂಟ್ರೋಲ್ ವರ್ಡ್ ಬರುವುದೂ ಅದೇ ಅಲೆಯಲ್ಲಿ, ಆದರೆ ಅದಕ್ಕೂ ಒಂದು ಬೀಗ ಹಾಕಿರುತ್ತಾರೆ. ಆ ಪೊಟ್ಟಣದ ಹೆಸರು ಇಸಿಎಂ. ಬಾಕ್ಸ್ ಅದನ್ನು ಕಾರ್ಡಿಗೆ ಕೊಡುತ್ತದೆ. ಕಾರ್ಡಿನೊಳಗಿನ ಚಿಪ್, ಆ ವಾಹಿನಿ ನೋಡುವ ಹಕ್ಕು ನಿಮಗಿದ್ದರೆ ಬಿಡಿಸಿ 8 ಬೈಟ್ ವಾಪಸು ಕೊಡುತ್ತದೆ. ಹಕ್ಕು ಇದೆಯೋ ಇಲ್ಲವೋ ಎಂದು ಕಾರ್ಡಿಗೆ ಹೇಳುವ ಸಂದೇಶ ಇಎಂಎಂ. ನೀವು ದುಡ್ಡು ಕಟ್ಟಿದಾಗ ಹೊರಡುವುದು ಇದೊಂದೇ, ಅದೂ ನಿಮ್ಮ ಕಾರ್ಡಿನ ಸಂಖ್ಯೆಯನ್ನು ಹೊತ್ತು ಇಡೀ ಖಂಡದ ಮೇಲೆ ಬೀಳುತ್ತದೆ. ಬಾಕ್ಸ್ ಆಫ್ ಆಗಿದ್ದರೆ ತಪ್ಪಿಹೋಗುತ್ತದೆ, ಮತ್ತೆ ಸರದಿ ಬರುವವರೆಗೆ ಕಾಯಬೇಕು. ರೀಚಾರ್ಜ್ ಮಾಡಿ "ಬಾಕ್ಸ್ ಆನ್ ಮಾಡಿಟ್ಟಿರಿ" ಎಂದು ಕಸ್ಟಮರ್ ಕೇರ್‌ನವರು ಹೇಳುವುದು ಇದಕ್ಕೇ.

ಸರದಿ ಎಷ್ಟು ಉದ್ದ? ಲೆಕ್ಕಕ್ಕೆ ಹತ್ತು ಲಕ್ಷ ಚಂದಾದಾರರು, ತಲಾ 100 ಬೈಟ್ ಸಂದೇಶ, ಅದಕ್ಕೆಂದು ಸೆಕೆಂಡಿಗೆ 100 ಕಿಲೊಬಿಟ್ ಜಾಗ ಎಂದುಕೊಳ್ಳಿ. ಒಂದು ಸುತ್ತಿಗೆ 8,000 ಸೆಕೆಂಡ್, ಅಂದರೆ ಎರಡು ಗಂಟೆ ಮೀರುತ್ತದೆ. ಫೈನಲ್‌ಗೆ ಅರ್ಧ ಗಂಟೆ ಮುಂಚೆ ಎಚ್ಚೆತ್ತು ದುಡ್ಡು ಕಟ್ಟುವ ಜನಕ್ಕೆ ಇದು ನಡೆಯುವುದಿಲ್ಲ. ಅದಕ್ಕೇ ಕಾರ್ಡುಗಳನ್ನು ನೂರಾರರ ಗುಂಪು ಮಾಡಿ, ಗುಂಪಿಗೊಂದೇ ಸಂದೇಶ ಕಳಿಸುತ್ತಾರೆ. ಈಗತಾನೇ ಕಟ್ಟಿದವರಿಗೆ ಬೇರೆ ವೇಗದ ಸಾಲು. ಹೊಸ ದೇಶಕ್ಕೆ ವಿಸ್ತರಿಸುವುದೆಂದರೆ ತಾಂತ್ರಿಕವಾಗಿ ಇಷ್ಟೇ: ಅದೇ ಅಲೆಗೆ ಹೊಸದೊಂದು ಇಎಂಎಂ ಗುಂಪು.

ಈ ವ್ಯವಸ್ಥೆಯ ಸೊಗಸೂ ದೌರ್ಬಲ್ಯವೂ ಒಂದೇ ಕಡೆ ಇವೆ. ಸೆಕೆಂಡಿಗೆ 8 ಮೆಗಾಬಿಟ್‌ನ ಎಚ್‌ಡಿ ವಾಹಿನಿ ಹತ್ತು ಸೆಕೆಂಡಿನಲ್ಲಿ ಒಂದು ಕೋಟಿ ಬೈಟ್ ಕಳಿಸುತ್ತದೆ. ಅಷ್ಟನ್ನೂ ತೆರೆಯುವುದು 8 ಬೈಟ್. ಕದಿಯುವವನು ಪಂದ್ಯವನ್ನು ಕದಿಯಬೇಕಿಲ್ಲ; ಪಂದ್ಯ ಹೇಗೂ ಎಲ್ಲರ ತಾರಸಿಗೂ ಬಿಟ್ಟಿ ಬೀಳುತ್ತಿದೆ. ಒಂದು ಅಸಲಿ ಕಾರ್ಡ್ ಇಟ್ಟುಕೊಂಡು ಹತ್ತು ಸೆಕೆಂಡಿಗೊಮ್ಮೆ 8 ಬೈಟ್‌ಗಳನ್ನು ಇಂಟರ್‌ನೆಟ್‌ನಲ್ಲಿ ಹಂಚಿದರೆ ಮುಗಿಯಿತು. ಇದೇ ಕಾರ್ಡ್ ಶೇರಿಂಗ್. ಇದಕ್ಕೆ ಮದ್ದು, ಕಾರ್ಡನ್ನೂ ಬಾಕ್ಸಿನ ಚಿಪ್ಪನ್ನೂ ಜೋಡಿ ಮಾಡುವುದು: ಕಾರ್ಡ್ ಕೊಡುವ 8 ಬೈಟ್‌ಗಳೇ ಆ ಒಂದು ಚಿಪ್ಪಿಗೆ ಮಾತ್ರ ತಿಳಿಯುವಂತೆ ಮುಚ್ಚಿಕೊಂಡು ಬರುತ್ತವೆ. ಹಳೆಯ ಬಾಕ್ಸ್‌ಗಳನ್ನು ಕಂಪನಿಗಳು ಬಿಟ್ಟಿಯಾಗಿ ಬದಲಿಸಿಕೊಡುವ ಔದಾರ್ಯದ ಹಿಂದೆ ಹಲವು ಬಾರಿ ಇದೇ ಕಾರಣ.

ಅಂದಹಾಗೆ ಆ 8 ಬೈಟ್‌ನಲ್ಲೂ ಪೂರ್ತಿ 64 ಬಿಟ್ ಗುಟ್ಟಿಲ್ಲ. ನಾಲ್ಕನೆಯ ಬೈಟ್ ಮೊದಲ ಮೂರರ ಮೊತ್ತ, ಎಂಟನೆಯದು ಅದರ ಹಿಂದಿನ ಮೂರರ ಮೊತ್ತ. ಉಳಿಯುವುದು 48 ಬಿಟ್, ಸುಮಾರು 281 ಲಕ್ಷ ಕೋಟಿ ಸಾಧ್ಯತೆ. 1994ರಲ್ಲಿ ಅದು ಸಾಕಾಗಿತ್ತು. 2011ರಲ್ಲಿ ಜರ್ಮನಿಯ ಸಂಶೋಧಕರು ಮೊದಲೇ ಲೆಕ್ಕ ಮಾಡಿಟ್ಟ ಕೋಷ್ಟಕಗಳನ್ನೂ ಸಾಧಾರಣ ಗ್ರಾಫಿಕ್ಸ್ ಕಾರ್ಡನ್ನೂ ಬಳಸಿ ಸೆಕೆಂಡುಗಳಲ್ಲಿ ಕೀಲಿ ಹುಡುಕಬಹುದೆಂದು ತೋರಿಸಿದರು. ಸಿಎಸ್‌ಎ-3 ಎಂಬ 128 ಬಿಟ್‌ನ ಹೊಸ ಸೂತ್ರವಿದೆ. ಆದರೆ ಹಳೆಯ ಬಾಕ್ಸ್‌ಗಳ ಚಿಪ್ಪಿಗೆ ಅದು ಅರ್ಥವಾಗದು.

ಅಲೆ ಕುರುಡು ಎಂದೆ. ಡಿಶ್ ಕುರುಡಲ್ಲ, ಅದು ಒಂದೇ ಕಡೆ ನೋಡುತ್ತದೆ. 12 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 2.5 ಸೆಂ.ಮೀ.; 60 ಸೆಂ.ಮೀ. ಡಿಶ್ಶಿನ ನೋಟದ ಅಗಲ ಸುಮಾರು 3 ಡಿಗ್ರಿ. ಅದರಾಚೆ ಏನೂ ಕಾಣದು. ಕತಾರ್ ತನ್ನ ಮೊದಲ ಉಪಗ್ರಹ ಸುಹೈಲ್-1 ಅನ್ನು 2013ರ ಆಗಸ್ಟ್ ಕೊನೆಗೆ ಹಾರಿಸಿ 25.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಲ್ಲಿಸಿತು. ಅದೇ ಏರಿಯಾನ್-5 ರಾಕೆಟ್‌ನಲ್ಲಿ ಜೊತೆಗೆ ಹೋದದ್ದು ಇಸ್ರೊದ ಜಿಸ್ಯಾಟ್-7. ಫ್ರೆಂಚ್ ಗಯಾನಾದಿಂದ ಹಾರಿ, ಬಾಹ್ಯಾಕಾಶದಲ್ಲಿ ರಾಕೆಟ್ಟಿನಿಂದ ಬೇರ್ಪಟ್ಟ ಮೇಲೆ ಜಿಸ್ಯಾಟ್-7ರ ಲಗಾಮು ಹಿಡಿದದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಈಜಿಪ್ಟಿನವರ ಡಿಶ್‌ಗಳೋ ಅವರದೇ ದೇಶದ ಉಪಗ್ರಹ ನೈಲ್‌ಸ್ಯಾಟ್ ಇರುವ 7 ಡಿಗ್ರಿ ಪಶ್ಚಿಮಕ್ಕೆ ಮುಖ ಮಾಡಿದ್ದವು. ಕೈರೊದಲ್ಲಿ ನೈಲ್‌ಸ್ಯಾಟ್ ಹಿಡಿಯಲು ಡಿಶ್ಶನ್ನು ಉತ್ತರದಿಂದ ಪ್ರದಕ್ಷಿಣೆಯಾಗಿ 238 ಡಿಗ್ರಿಗೆ ತಿರುಗಿಸಿ 36 ಡಿಗ್ರಿ ಎತ್ತಬೇಕು. ಸುಹೈಲ್‌ಗೆ 191 ಡಿಗ್ರಿ, ಎತ್ತರ ಸುಮಾರು 54. ಒಂದೇ ಡಿಶ್ಶಿನಿಂದ ಆಗುವ ಕೆಲಸವಲ್ಲ. ನೈಲ್‌ಸ್ಯಾಟ್‌ನಲ್ಲಿ ನೋಡುತ್ತಿದ್ದ ಗಿರಾಕಿಗಳನ್ನು ಬೀಇನ್ ಬಲವಂತವಾಗಿ ಸುಹೈಲ್ ಕಡೆ ತಿರುಗಿಸುತ್ತಿದೆ ಎಂದು ಈಜಿಪ್ಟಿನ ವ್ಯಾಪಾರ ಸ್ಪರ್ಧಾ ಪ್ರಾಧಿಕಾರ ಅದರ ಮೇಲೆ ಕ್ರಮಕ್ಕೆ ಮುಂದಾಯಿತು, ಪ್ರಕರಣ ಕೋರ್ಟು ಹತ್ತಿತು. ಡಿಶ್ಶಿನ ಕೋನವೇ ಏಕಸ್ವಾಮ್ಯದ ಮೊಕದ್ದಮೆಯಾಗುವುದು ದಿನಾ ನಡೆಯುವ ಸಂಗತಿಯಲ್ಲ.

ಸ್ವಂತ ಉಪಗ್ರಹವಿಲ್ಲದಿದ್ದರೆ ಏನಾಗಬಹುದೆಂದು ತಿಳಿಯಲು 2010ರ ಜೂನ್ 11ಕ್ಕೆ ಹೋಗಬೇಕು. ದಕ್ಷಿಣ ಆಫ್ರಿಕಾ–ಮೆಕ್ಸಿಕೊ ಉದ್ಘಾಟನಾ ಪಂದ್ಯ. ಅಲ್ ಜಜೀರಾ ಸ್ಪೋರ್ಟ್ ನಂಬಿದ್ದು ಬೇರೆಯವರ ಉಪಗ್ರಹಗಳಾದ ನೈಲ್‌ಸ್ಯಾಟ್, ಅರಬ್‌ಸ್ಯಾಟ್‌ಗಳನ್ನು. ಪಂದ್ಯದ ನಡುವೆ ಚಿತ್ರ ಒಡೆಯಿತು, ಕಪ್ಪಾಯಿತು, ಬೇರೆ ಭಾಷೆಯ ವೀಕ್ಷಕ ವಿವರಣೆ ಬಂತು. ದುಡ್ಡು ಕೊಟ್ಟವರು ಬೈದರು. ಯಾರೋ ಬೇಕೆಂದೇ ಜಾಮ್ ಮಾಡಿದ್ದರು. ಉಪಗ್ರಹದಲ್ಲಿರುವ, ಅಲೆಯನ್ನು ಹಿಡಿದು ಕೆಳಗೆ ಮರಳಿಸುವ ಟ್ರಾನ್ಸ್‌ಪಾಂಡರ್ ಎಂಬುದು ಜಾತ್ರೆಯ ಮೈಕಿನ ಹಾಗೆ: ಭಟ್ಟರು ಮಂತ್ರ ಹೇಳಲಿ, ಪಕ್ಕದವನು ಕಿರುಚಲಿ, ಕೇಳಿದ್ದನ್ನೆಲ್ಲ ದೊಡ್ಡದು ಮಾಡಿ ಹೊರಗೆಸೆಯುತ್ತದೆ. 14 ಗಿಗಾಹರ್ಟ್ಸ್ ಆಸುಪಾಸಿನ ಅದೇ ಆವರ್ತನದಲ್ಲಿ ಸಾಕಷ್ಟು ಬಲವಾದ ಅಲೆ ಕೆಳಗಿನಿಂದ ಮೇಲಕ್ಕೆ ಹೊಡೆದರೆ ಖಂಡಕ್ಕೆ ಖಂಡವೇ ಪಂದ್ಯ ಕಳೆದುಕೊಳ್ಳುತ್ತದೆ. ಬೀಗ ಇಲ್ಲಿ ಕೆಲಸಕ್ಕೆ ಬಾರದು.

ಇದಕ್ಕೆ ಹಳೆಯ ಪೂರ್ವಜನೂ ಇದ್ದಾನೆ. 1986ರ ಏಪ್ರಿಲ್ 27ರಂದು ಅಮೆರಿಕದ ಎಚ್‌ಬಿಒ ವಾಹಿನಿಯ ಮೇಲೆ 'ಕ್ಯಾಪ್ಟನ್ ಮಿಡ್‌ನೈಟ್' ಹೆಸರಿನ ಪ್ರತಿಭಟನೆಯ ಬರಹ ಸುಮಾರು ನಾಲ್ಕೂವರೆ ನಿಮಿಷ ಕೂತಿತ್ತು: ತಿಂಗಳಿಗೆ 12.95 ಡಾಲರ್ ಕೊಡುವುದಿಲ್ಲ ಎಂದು. ಕಳಿಸಿದವರು ಫ್ಲಾರಿಡಾದಲ್ಲಿ ಉಪಗ್ರಹಕ್ಕೆ ಅಲೆ ಏರಿಸುವ ಅಪ್‌ಲಿಂಕ್ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ ಜಾನ್ ಮ್ಯಾಕ್‌ಡೂಗಲ್. 5,000 ಡಾಲರ್ ದಂಡ ತೆತ್ತರು. ಆಮೇಲೆ ಪ್ರತಿ ಅಪ್‌ಲಿಂಕ್ ಯಂತ್ರವೂ ತನ್ನ ಗುರುತು ಸಂಖ್ಯೆಯನ್ನು ಅಲೆಯೊಳಗೆ ಸೇರಿಸಬೇಕೆಂಬ ನಿಯಮ ಬಂತು. ಬೇಕೆಂದೇ ಜಾಮ್ ಮಾಡುವವನು ಗುರುತು ಹಾಕುತ್ತಾನೆಯೇ? ಅವನನ್ನು ಹಿಡಿಯುವ ದಾರಿ ಬೇರೆ. ಅವನ ಡಿಶ್ಶಿನಿಂದ ಅಂಚಿಗೆ ಸೋರಿದ ಅಲೆ ಪಕ್ಕದ ಇನ್ನೊಂದು ಉಪಗ್ರಹಕ್ಕೂ ಕ್ಷೀಣವಾಗಿ ತಲುಪುತ್ತದೆ. ಎರಡೂ ಉಪಗ್ರಹದಿಂದ ಬಂದ ಪ್ರತಿಗಳ ನಡುವಿನ ಸಮಯದ ವ್ಯತ್ಯಾಸ ಭೂಮಿಯ ಮೇಲೆ ಒಂದು ಗೆರೆ ಎಳೆಯುತ್ತದೆ, ಆವರ್ತನದ ವ್ಯತ್ಯಾಸ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಆಸಾಮಿ. 2010ರ ಜಾಮಿಂಗ್‌ನ ಮೂಲ ಜೋರ್ಡಾನಿನಲ್ಲಿ ಎಂದು ಪತ್ರಿಕಾ ವರದಿಗಳು ಹೇಳಿದವು, ಜೋರ್ಡಾನ್ ಸರ್ಕಾರ ಅಲ್ಲಗಳೆಯಿತು.

2017ರ ಜೂನ್‌ನಲ್ಲಿ ಸೌದಿ ಅರೇಬಿಯಾ ಮತ್ತದರ ಮಿತ್ರದೇಶಗಳು ಕತಾರಿನ ಜೊತೆ ಸಂಬಂಧ ಕಡಿದುಕೊಂಡವು. ಸೌದಿಯಲ್ಲಿ ಬೀಇನ್‌ಗೆ ನಿಷೇಧ ಬಿತ್ತು. ಕೆಲವೇ ತಿಂಗಳಲ್ಲಿ ಬೀಔಟ್‌ಕ್ಯೂ ಎಂಬ ಹೆಸರಿನಲ್ಲಿ ಹತ್ತು ವಾಹಿನಿಗಳು ಹುಟ್ಟಿಕೊಂಡವು. ಚಿತ್ರ ಬೀಇನ್‌ನದು, ಅದರ ಗುರುತಿನ ಮೇಲೆ ಅಂಟಿಸಿದ್ದು ಹೊಸ ಗುರುತು, ತಡ ಕೆಲವೇ ಸೆಕೆಂಡು. ಇಲ್ಲಿ ಯಾರೂ 8 ಬೈಟ್ ಕದಿಯಲಿಲ್ಲ. ಅಸಲಿ ಬಾಕ್ಸ್ ಬೀಗ ತೆಗೆದು ಟಿವಿಗೆ ಕೊಡುವ ಚಿತ್ರವನ್ನೇ ಹಿಡಿದು, ಮತ್ತೆ ಸಂಕುಚಿಸಿ, ತಮ್ಮದೇ ಬೀಗ ಹಾಕಿ, ತಮ್ಮದೇ ಬಾಕ್ಸ್ ಮಾರಿದರು. ಎಷ್ಟೇ ಗಟ್ಟಿ ಬೀಗವಾದರೂ ಕೊನೆಗೆ ಕಣ್ಣಿಗೆ ಕಾಣುವಂತೆ ತೆರೆಯಲೇಬೇಕಲ್ಲ.

ಇದು ಇಳಿದುಬಂದದ್ದು ಅರಬ್‌ಸ್ಯಾಟ್ ಉಪಗ್ರಹಗಳಿಂದ ಎಂದು ಫಿಫಾ, ಯುರೋಪಿನ ಫುಟ್ಬಾಲ್ ಒಕ್ಕೂಟ ಯುಇಎಫ್‌ಎ ಮತ್ತು ಅಲ್ಲಿನ ದೊಡ್ಡ ಲೀಗುಗಳು 2019ರ ಸೆಪ್ಟೆಂಬರ್‌ನಲ್ಲಿ ತಜ್ಞರ ವರದಿ ಮುಂದಿಟ್ಟು ಹೇಳಿದವು. ಅರಬ್‌ಸ್ಯಾಟ್ ಒಪ್ಪಿರಲಿಲ್ಲ. ಅರಬ್‌ಸ್ಯಾಟ್‌ನ ಬದ್ರ್ ಉಪಗ್ರಹಗಳ ಜಾಗ 26 ಡಿಗ್ರಿ ಪೂರ್ವ. ಸುಹೈಲ್‌ಗೂ ಅದಕ್ಕೂ ಅರ್ಧ ಡಿಗ್ರಿ ಅಂತರ! 3 ಡಿಗ್ರಿ ಅಗಲ ನೋಡುವ ಮನೆಯ ಡಿಶ್‌ಗೆ ಎರಡೂ ಒಂದೇ ಚುಕ್ಕಿ. ಅಸಲಿಯೂ ನಕಲಿಯೂ ಒಂದೇ ತಾರಸಿಯ ಒಂದೇ ಡಿಶ್ಶಿಗೆ ಬಂದು ಬೀಳಬಹುದಿತ್ತು, ಬದಲಿಸಬೇಕಾದದ್ದು ಬಾಕ್ಸ್ ಮಾತ್ರ. ಆ ಎರಡನ್ನು ದಿಕ್ಕಿನಿಂದಲೇ ಬೇರ್ಪಡಿಸಬೇಕಾದರೆ 3.5 ಮೀಟರಿಗಿಂತ ದೊಡ್ಡ ಡಿಶ್ ಬೇಕು.

2020ರ ಜೂನ್ 16ರಂದು ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ, ಬೀಔಟ್‌ಕ್ಯೂ ಮೇಲೆ ಕ್ರಿಮಿನಲ್ ಕ್ರಮ ಜರುಗಿಸದೆ ಸೌದಿ ತನ್ನ ಬಾಧ್ಯತೆ ಮುರಿದಿದೆ ಎಂದಿತು. ಅಷ್ಟರಲ್ಲಿ ಬೀಇನ್ ದೋಹಾದಲ್ಲಿ ನೂರಾರು ನೌಕರರನ್ನು ಕಳೆದುಕೊಂಡಿತ್ತು. ಸೌದಿ ನಿಷೇಧ ತೆಗೆಯುವ ಸುದ್ದಿ ಬಂದದ್ದು 2021ರ ಅಕ್ಟೋಬರ್ 6ರಂದು. ಮರುದಿನವೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಫುಟ್ಬಾಲ್ ಕ್ಲಬ್ ಸೌದಿ ಸರ್ಕಾರದ ಹೂಡಿಕೆ ನಿಧಿಯ ನೇತೃತ್ವದ ಕೂಟದ ಪಾಲಾಯಿತು. ಎರಡನ್ನೂ ಜೋಡಿಸಿ ನೋಡದವರು ಕಡಿಮೆ.

ತೆರೆದ ಚಿತ್ರದ ಕಳ್ಳತನಕ್ಕೆ ಬೀಗವಲ್ಲ, ಗುರುತು ಬೇಕು. ಸ್ಟ್ರೀಮಿಂಗ್‌ನಲ್ಲಿ ಇದನ್ನು ಚೆಂದವಾಗಿ ಮಾಡುತ್ತಾರೆ. ಪಂದ್ಯವನ್ನು ಆರು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಕಣ್ಣಿಗೆ ಕಾಣದ ವ್ಯತ್ಯಾಸವಿರುವ ಎರಡು ಪ್ರತಿ ಇಡುತ್ತಾರೆ: ಅ ಮತ್ತು ಆ. ಒಬ್ಬ ಚಂದಾದಾರರಿಗೆ ಅ-ಆ-ಆ-ಅ, ಇನ್ನೊಬ್ಬರಿಗೆ ಆ-ಅ-ಆ-ಆ. ಇಪ್ಪತ್ತು ತುಂಡಿಗೆ ಹತ್ತು ಲಕ್ಷಕ್ಕೂ ಮಿಕ್ಕ ಸರಣಿಗಳು. ಎರಡು ನಿಮಿಷದ ಕದ್ದ ಚಿತ್ರ ಸಾಕು, ಯಾವ ಖಾತೆಯಿಂದ ಸೋರಿತೆಂದು ತಿಳಿಯಲು. ಇಬ್ಬರು ಕಳ್ಳರು ಸೇರಿ ತಮ್ಮ ತಮ್ಮ ತುಂಡುಗಳನ್ನು ಕಲಸಿದರೆ ಸರಣಿ ಮೂರನೆಯವರತ್ತ ಬೆರಳು ತೋರಿಸಬಹುದು. ಅದನ್ನು ತಡೆಯುವ ಗಣಿತವಿದೆ, ಆದರೆ ಅದಕ್ಕೆ ಇನ್ನೂ ಉದ್ದದ ಸರಣಿ ಬೇಕು. 90 ನಿಮಿಷದ ಪಂದ್ಯದಲ್ಲಿ 900 ತುಂಡು ಸಿಗುತ್ತವೆ, ಜಾಗಕ್ಕೆ ಕೊರತೆಯಿಲ್ಲ. ಕೊರತೆ ಸಮಯದ್ದು: ಪಂದ್ಯ ಮುಗಿದ ಮೇಲೆ ಸಿಕ್ಕಿಬಿದ್ದ ಖಾತೆಯನ್ನು ಮುಚ್ಚಿ ಪ್ರಯೋಜನವಿಲ್ಲ, ಪತ್ತೆಯ ಕೆಲಸ ಮೊದಲಾರ್ಧದೊಳಗೆ ಮುಗಿದಿರಬೇಕು.