ಇ1, ಟಿ1, ಎಸ್‌ಟಿಎಂ: ಈ ಲೈನುಗಳ ಲೆಕ್ಕ ಯಾಕೆ ಸಲೀಸಾಗಿ ಭಾಗವಾಗುವುದಿಲ್ಲ?

ಒಂದು ಫೈಲು ಸೆಕೆಂಡಿಗೆ 1 ಎಂಬಿ ವೇಗದಲ್ಲಿ ಡೌನ್‌ಲೋಡ್ ಆಗಬೇಕು, ಅದಕ್ಕೆ ಎಷ್ಟು ಇ1 ಲೈನು (ಟೆಲಿಫೋನ್ ಕಂಪನಿಗಳು ಕೊಡುವ ಒಂದು ಬಗೆಯ ಡಿಜಿಟಲ್ ಲೈನು) ಬೇಕು? ಎಂಬಿ ಅಂದರೆ ಬೈಟಿನ ಲೆಕ್ಕ. ಲೈನಿನದ್ದು ಬಿಟ್ಟಿನ ಲೆಕ್ಕ. ಒಂದು ಬೈಟಿಗೆ 8 ಬಿಟ್, ಹಾಗಾಗಿ ಮೊದಲು 8ರಿಂದ ಗುಣಿಸಬೇಕು, 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಬರುತ್ತದೆ. ಇ1 ವೇಗ 2.048 ಎಂಬಿಪಿಎಸ್. ಭಾಗಿಸಿದರೆ 3.9. ನಾಲ್ಕು ಲೈನು ಸಾಕು ಅನಿಸುತ್ತದೆ ಅಲ್ವಾ? ಆದರೆ ಸಾಕಾಗುವುದಿಲ್ಲ, ಐದು ಬೇಕು. ಯಾಕೆಂದರೆ ಈ ಲೈನುಗಳನ್ನು ಫೈಲು ಸಾಗಿಸಲು ಮಾಡಿದ್ದೇ ಅಲ್ಲ. ಇವು ಫೋನ್ ಕರೆಗಳನ್ನು ಎಣಿಸಲು ಹುಟ್ಟಿದ ಅಳತೆಗಳು.

ಫೋನಿನಲ್ಲಿ ನಮ್ಮ ಮಾತು ಅರ್ಥವಾಗಲು ಸುಮಾರು 300ರಿಂದ 3400 ಹರ್ಟ್ಸ್ ತನಕದ ದನಿ ಸಾಕು. ಸ್ವಲ್ಪ ಜಾಗ ಬಿಟ್ಟು ಅದನ್ನು 4000 ಅಂತ ಇಟ್ಟುಕೊಂಡರು. ದನಿಯನ್ನು ಅಂಕಿಗಳಾಗಿ ಬದಲಿಸಿ ಮತ್ತೆ ದನಿ ಮಾಡಬೇಕಾದರೆ ಅದರ ಎರಡು ಪಟ್ಟು ಸಲ ಅಳೆಯಬೇಕು, ಅಂದರೆ ಸೆಕೆಂಡಿಗೆ 8000 ಸಲ. ಒಂದೊಂದು ಅಳತೆಗೆ 8 ಬಿಟ್. ಹೀಗೆ ಒಂದು ಕರೆಗೆ 64 ಕೆಬಿಪಿಎಸ್ ಆಯಿತು. ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, 1938ರಲ್ಲೇ ಈ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಆಗಿನ ವಾಲ್ವ್‌ಗಳಲ್ಲಿ ಇದನ್ನು ಅಗ್ಗವಾಗಿ ಮಾಡುವುದು ಆಗದ ಮಾತು. ಟ್ರಾನ್ಸಿಸ್ಟರ್ ಬರುವ ತನಕ ಕಾಯಬೇಕಾಯಿತು.

1962ರಲ್ಲಿ ಅಮೆರಿಕದ ಬೆಲ್ ಕಂಪನಿ ಟಿ1 ಶುರು ಮಾಡಿತು. ಹೊಸ ಕೇಬಲ್ ಹಾಕಲಿಲ್ಲ, ನೆಲದಡಿ ಇದ್ದ ಹಳೇ ತಾಮ್ರದ ತಂತಿಗಳನ್ನೇ ಬಳಸಿದರು. ಸುಮಾರು 6000 ಅಡಿಗೊಂದು ಮ್ಯಾನ್‌ಹೋಲ್ ಮೊದಲೇ ಇತ್ತು. ಅಲ್ಲೇ ಸಿಗ್ನಲ್‌ಗೆ ಮತ್ತೆ ಬಲ ಕೊಡುವ ರಿಪೀಟರ್ ಇಟ್ಟರು. ಅಷ್ಟು ದೂರದಲ್ಲಿ ಆ ತಂತಿ ತಡೆದುಕೊಳ್ಳುವ ವೇಗದಲ್ಲಿ 24 ಕರೆ ಹಿಡಿದವು. 24 ಕರೆಯ ಒಂದೊಂದು ಅಳತೆ ಸೇರಿದರೆ ಒಂದು ಸಾಲು, ಅದರಲ್ಲಿ 192 ಬಿಟ್, ಸಾಲು ಎಲ್ಲಿ ಶುರುವಾಗುತ್ತದೆ ಅಂತ ಗುರುತಿಸಲು ಇನ್ನೊಂದು, ಒಟ್ಟು 193. ಅದನ್ನು 8000ದಿಂದ ಗುಣಿಸಿ ನೋಡಿ, 1.544 ಎಂಬಿಪಿಎಸ್ ಬರುತ್ತದೆ. ಆ ವಿಚಿತ್ರ ದಶಮಾಂಶದ ಹಿಂದೆ ಇರುವುದು ಇಷ್ಟೇ.

ಅಮೆರಿಕದವರು ಕರೆಯ ಸಂಕೇತಗಳನ್ನು (ಫೋನು ಎತ್ತಿದ್ದು, ಇಟ್ಟಿದ್ದು) ಕಳಿಸಲು ಪ್ರತಿ ಆರನೇ ಸಾಲಿನಲ್ಲಿ ದನಿಯ ಒಂದು ಬಿಟ್ಟನ್ನೇ ತೆಗೆದುಕೊಳ್ಳುತ್ತಿದ್ದರು. ಕಿವಿಗೆ ಅದು ಗೊತ್ತಾಗುವುದಿಲ್ಲ, ಆದರೆ ಡೇಟಾದಲ್ಲಿ ಒಂದು ಬಿಟ್ ಕೆಟ್ಟರೂ ಫೈಲೇ ಕೆಟ್ಟಿತು. ಅದಕ್ಕೇ ಅಲ್ಲಿ ಡೇಟಾಗೆ 7 ಬಿಟ್ ಮಾತ್ರ ಬಳಸಿ 56 ಕೆಬಿಪಿಎಸ್ ಲೈನುಗಳನ್ನು ಕೊಟ್ಟರು.

ಯುರೋಪಿನವರು ಸ್ವಲ್ಪ ತಡವಾಗಿ ಬಂದರು, ಹೆಚ್ಚು ಅಚ್ಚುಕಟ್ಟಾಗಿ ಮಾಡಿದರು ಅಂತ ನನ್ನ ಅಭಿಪ್ರಾಯ. ಅವರ ಇ1 ಅಂದರೆ 32 ಸೀಟಿನ ಬಸ್ಸು: 30 ಸೀಟು ಪ್ರಯಾಣಿಕರಿಗೆ, ಒಂದು ಡ್ರೈವರ್‌ಗೆ (ಸಾಲಿನ ಶುರು ಗುರುತಿಸಲು), ಒಂದು ಕಂಡಕ್ಟರ್‌ಗೆ (ಕರೆಯ ಸಂಕೇತಗಳಿಗೆ). 32 ಸಲ 64 ಅಂದರೆ 2.048 ಎಂಬಿಪಿಎಸ್. ಭಾರತ ಹಿಡಿದದ್ದೂ ಇದೇ ದಾರಿಯನ್ನು. ಬೆಂಗಳೂರಿನ ಆಫೀಸುಗಳಲ್ಲಿ '2 ಎಂಬಿ ಲೈನು' ಅಂದರೆ ಇದೇ ಇ1, ಪಿಆರ್‌ಐ ಲೈನಿನಲ್ಲಿ (ಆಫೀಸುಗಳ ಡಿಜಿಟಲ್ ಫೋನ್ ಲೈನು) ಒಟ್ಟಿಗೆ 30 ಕರೆ ಹೋಗುವುದೂ ಇದರಿಂದಲೇ. ಡೇಟಾಗೆ ಬಳಸುವಾಗ ಕಂಡಕ್ಟರ್ ಸೀಟೂ ಸೇರಿ ಸಾಮಾನ್ಯವಾಗಿ 31 ಜಾಗ ಸಿಗುತ್ತದೆ, ಅಂದರೆ 1.984 ಎಂಬಿಪಿಎಸ್. ನಾಲ್ಕು ಲೈನು ಸೇರಿಸಿದರೆ 7.936. ನಮಗೆ ಬೇಕಿದ್ದ 8ಕ್ಕೆ ಇಲ್ಲೇ ಕಡಿಮೆ ಬಿತ್ತು, ಪ್ಯಾಕೆಟ್ಟಿನ ಮೇಲೆ ಬರೆಯುವ ವಿಳಾಸದ ಖರ್ಚನ್ನು ಇನ್ನೂ ಸೇರಿಸಿಯೇ ಇಲ್ಲ.

ಇನ್ನೊಂದು ತೊಡಕು 1000 ಮತ್ತು 1024ರದ್ದು. ಟೆಲಿಕಾಂನಲ್ಲಿ ಕಿಲೋ ಅಂದರೆ ಯಾವಾಗಲೂ 1000. ವಿಂಡೋಸ್ ತೋರಿಸುವ 1 ಎಂಬಿಯಲ್ಲಿ 1024 ಸಲ 1024 ಬೈಟ್ ಇರುತ್ತವೆ, ಆಗ ಬೇಕಾಗುವುದು 8.39 ಎಂಬಿಪಿಎಸ್. ಹತ್ತಿರ ಹತ್ತಿರ 5 ಶೇಕಡಾ ಜಾಸ್ತಿ.

ಇಂಥ ಲೈನುಗಳನ್ನು ಕಟ್ಟು ಕಟ್ಟಿ ದೊಡ್ಡದು ಮಾಡುವಾಗ ಲೆಕ್ಕ ಮತ್ತೂ ಗೋಜಲಾಯಿತು. 16 ಇ1 ಸೇರಿದರೆ 32.768 ಆಗಬೇಕು, ಆದರೆ ಆ ಕಟ್ಟಿನ, ಅಂದರೆ ಇ3 ಲೈನಿನ, ವೇಗ 34.368. ಒಂದೊಂದು ಎಕ್ಸ್‌ಚೇಂಜಿನ ಗಡಿಯಾರವೂ ಕೂದಲೆಳೆಯಷ್ಟು ಹಿಂದೆ ಮುಂದೆ ಓಡುತ್ತಿತ್ತು, ಆ ವ್ಯತ್ಯಾಸ ತುಂಬಲು ಖಾಲಿ ಬಿಟ್ಟುಗಳನ್ನು ತುರುಕಬೇಕಿತ್ತು. ಎಲ್ಲ ಗಡಿಯಾರಗಳನ್ನೂ ಒಂದೇ ತಾಳಕ್ಕೆ ತರುವ ಎಸ್‌ಡಿಎಚ್ ಮಾನದಂಡ 1988ರಲ್ಲಿ ಬಂತು. ಅದರ ಎಸ್‌ಟಿಎಂ-1 ವೇಗ 155.52 ಎಂಬಿಪಿಎಸ್, ಅದರೊಳಗೆ 63 ಇ1 ಹಿಡಿಯುತ್ತವೆ. ಒಂದು ಸಾಲಿಗೆ 2430 ಬೈಟ್, ಸೆಕೆಂಡಿಗೆ ಇಲ್ಲಿಯೂ 8000 ಸಾಲು.

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನೂ ಇದೇ ಅಳತೆಯಲ್ಲಿ ನೋಡಬಹುದು. 2004ರ ನೀತಿಯಲ್ಲಿ ಅದು 256 ಕೆಬಿಪಿಎಸ್, ಅಂದರೆ ನಾಲ್ಕು ಕರೆಯ ಜಾಗ. 2013ರಲ್ಲಿ 512, ಎಂಟು ಕರೆಯ ಜಾಗ. 2023ರಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು, ಒಂದು ಇ1ಗಿಂತ ಚೂರು ಕಡಿಮೆ.